ದೀಪಾವಳಿ ಡಬ್ಬಿಯೋ, ದಾಸೋಹಕ್ಕೆ ದವಸವೋ, ಹೆಸರಲ್ಲಿ ದೇಣಿಗೆಯೋ? ಹಬ್ಬದ ದುಡ್ಡಿಗೆ ದಾರಿ ಆರಿಸುವ ಬಗೆ

ದೀಪಾವಳಿ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಅಂಗಡಿ, ಆಫೀಸು, ಕಾರ್ಖಾನೆಗಳಲ್ಲಿ ಖರ್ಚು ಇದ್ದದ್ದೇ. ಲಕ್ಷ್ಮೀಪೂಜೆಗೆ ಬಂದವರಿಗೆ ಪೇಢಾ, ಸಿಬ್ಬಂದಿಗೆ ಸಿಹಿ ಡಬ್ಬಿ, ಬೀಗರಿಗೆ ಬಟ್ಟೆ. ಹೇಗೂ ಖರ್ಚಾಗುವ ಈ ದುಡ್ಡು ಆಸರೆ ಬೇಕಾದವರ ಕೈಗೆ ಮುಟ್ಟಲಿ ಎಂದು ಬಯಸುವವರಿಗೆ ನಮ್ಮ ಸೀಮೆಯಲ್ಲಿ ನಾಲ್ಕು ದಾರಿಗಳಿವೆ. ಸ್ವಸಹಾಯ ಸಂಘ, ಖಾದಿ ಕೇಂದ್ರ, ಕಸೂತಿ ಹಾಕುವವರಿಂದ ನೇರವಾಗಿ ಕೊಳ್ಳುವುದು ಒಂದು. ಆಶ್ರಮ, ವಸತಿ ನಿಲಯ, ದಾಸೋಹಕ್ಕೆ ಊಟ ಅಥವಾ ದವಸ ಕೊಡುವುದು ಎರಡು. ಉಡುಗೊರೆಯ ಬದಲು, ಅದನ್ನು ಪಡೆಯಬೇಕಾದವರ ಹೆಸರಿನಲ್ಲಿ ದೇಣಿಗೆ ಕೊಡುವುದು ಮೂರು. "ಇದರ ಒಂದು ಭಾಗ ಸೇವೆಗೆ" ಎಂದು ಮೇಲೆ ಬರೆದ ಡಬ್ಬಿಯನ್ನು ಅಂಗಡಿಯಲ್ಲಿ ಕೊಳ್ಳುವುದು ನಾಲ್ಕು.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಹಬ್ಬಕ್ಕೆ ತಿಂಗಳು ಮೊದಲೇ ನೆನಪಾದರೆ ಮೊದಲನೆಯ ದಾರಿ ಹಿಡಿಯಿರಿ. ವಾರವಷ್ಟೇ ಉಳಿದಿದ್ದರೆ ಮೂರನೆಯದು. ಎರಡನೆಯದನ್ನು ಹಬ್ಬದ ದಿನ ಬಿಟ್ಟು ಹಬ್ಬ ಮುಗಿದ ಮೇಲೆ ಮಾಡಿ. ನಾಲ್ಕನೆಯದು ಬೇರೇನೂ ಆಗದಿದ್ದಾಗ. ಯಾಕೆ ಎಂಬುದು ಮುಂದಿದೆ.

ಸಂಘದ ಕೈಯಡಿಗೆ: ರೊಟ್ಟಿ, ಉಂಡಿ, ಚಟ್ನಿ

ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಶೇಂಗಾ ಹೋಳಗಿ, ತರತರದ ಉಂಡಿ ಮಾಡಿ ಮಾರುವ ಹೆಣ್ಣುಮಕ್ಕಳ ಸಂಘಗಳು, ರೊಟ್ಟಿ ಕೇಂದ್ರಗಳು ಹುಬ್ಬಳ್ಳಿ-ಧಾರವಾಡದಲ್ಲೂ ಗದಗ-ಹಾವೇರಿ ಕಡೆಯೂ ಇವೆ. ಮನೆ ನಡೆಸುವ ಹೊಣೆ ಒಬ್ಬಳದೇ ಆದ ಹೆಣ್ಣುಮಗಳು ಇಲ್ಲಿ ದುಡಿದು ಉಣ್ಣುತ್ತಾಳೆ. ಯಾರ ಮುಂದೆಯೂ ಕೈ ಚಾಚದೆ, ತನ್ನ ರೊಟ್ಟಿಗೆ ತಾನೇ ದರ ಹೇಳಿ ಮಾರುತ್ತಾಳೆ. ಈ ದಾರಿಯನ್ನು ಮೊದಲಿಗೆ ಇಟ್ಟದ್ದು ಅದಕ್ಕೇ.

ಇಲ್ಲಿ ನಿಜವಾದ ಸಹಾಯ ಆಗುವುದು ಮುಂಗಡದಿಂದ. ಲೆಕ್ಕ ನೋಡಿ: ನೂರು ಡಬ್ಬಿ, ಡಬ್ಬಿಗೆ ಅರ್ಧ ಕಿಲೋ ಶೇಂಗಾ ಉಂಡಿ ಅಂದರೆ 50 ಕಿಲೋ ಉಂಡಿ. ಅದಕ್ಕೆ ಸುಮಾರು 30 ಕಿಲೋ ಶೇಂಗಾ, 20 ಕಿಲೋ ಬೆಲ್ಲ, ಮೇಲೆ ಎಳ್ಳು, ಒಣಕೊಬ್ಬರಿ, ಏಲಕ್ಕಿ, ಡಬ್ಬಿ, ಗ್ಯಾಸು. ಹುರಿದು ಸಿಪ್ಪೆ ತೆಗೆಯುವುದರಲ್ಲಿ ಶೇಂಗಾದ ತೂಕವೂ ಇಳಿಯುತ್ತದೆ. ಈ ಸಾಮಾನಿಗೆ ಸಂಘ ಮೊದಲೇ ದುಡ್ಡು ಹಾಕಬೇಕು; ಕೈಯಲ್ಲಿ ಇಲ್ಲದಿದ್ದರೆ ಬಡ್ಡಿಗೆ ತರಬೇಕು. ನೀವು ಕೊಟ್ಟ ಲಾಭ ಬಡ್ಡಿಗೇ ಹೋಗುತ್ತದೆ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ರೈತರು ಸಹಕಾರಿ ಸಂಘ ಕಟ್ಟಿದ್ದೂ ಇಂಥದೇ ಕಾರಣಕ್ಕೆ: ಬೆಳೆ ಬರುವ ಮೊದಲೇ ದುಡ್ಡು ಬೇಕು, ಸಾಹುಕಾರನ ಬಡ್ಡಿ ಬೇಡ. ಆದ್ದರಿಂದ ಆರ್ಡರ್ ಜೊತೆಗೇ ಅರ್ಧ ದುಡ್ಡು ಕೊಡಿ. ಉಳಿದದ್ದನ್ನು ಮಾಲು ಎತ್ತುವ ದಿನವೇ ಕೊಡಿ. "ಬಿಲ್ ಕಳಿಸಿ, ಮುಂದಿನ ತಿಂಗಳು ಪಾಸ್ ಆಗುತ್ತದೆ" ಎನ್ನುವ ಕಂಪನಿ ಪದ್ಧತಿ ದೊಡ್ಡ ಸರಬರಾಜುದಾರನಿಗೆ ಸಾಗೀತು, ಹತ್ತು ಮಂದಿಯ ಸಂಘಕ್ಕೆ ಸಾಗುವುದಿಲ್ಲ. ಹಬ್ಬದ ಕೂಲಿ ಹಬ್ಬಕ್ಕೇ ಸಿಗಬೇಕು. ಹೆಚ್ಚು ಕೊಳ್ಳುತ್ತೇವೆಂದು ದರ ಕಡಿಮೆ ಮಾಡಿಸುವುದೂ ಬೇಡ. ಕೈಯಿಂದ ಬಡಿಯುವ ರೊಟ್ಟಿಗೆ ನೂರಾದರೂ ಸಾವಿರವಾದರೂ ರೊಟ್ಟಿಯೊಂದಕ್ಕೆ ಹತ್ತುವ ಹೊತ್ತು ಅಷ್ಟೇ. ಯಂತ್ರದ ಮಾಲಿನಂತೆ ಖರ್ಚು ಇಳಿಯುವುದಿಲ್ಲ.

ಯಾವ ತಿನಿಸು ಆರಿಸಬೇಕು ಎಂಬುದು ಡಬ್ಬಿ ಎಷ್ಟು ದಿನಕ್ಕೆ, ಎಷ್ಟು ದೂರಕ್ಕೆ ಹೋಗುತ್ತದೆ ಎನ್ನುವುದರ ಮೇಲೆ. ಹೂರಣದ ಹೋಳಗಿ ಎರಡು ದಿನದ ಮಾಲು, ಸೆಕೆ ಇದ್ದರೆ ಒಂದೇ ದಿನ. ಅದನ್ನು ಉಡುಗೊರೆ ಡಬ್ಬಿಗೆ ಹಾಕಲೇಬೇಡಿ. ಶೇಂಗಾ ಹೋಳಗಿ ಚೆನ್ನಾಗಿ ಬೇಯಿಸಿ ಆರಿಸಿದ್ದರೆ ಹತ್ತು ದಿನ ತಾಳುತ್ತದೆ. ಒಣಕೊಬ್ಬರಿ, ಪುಠಾಣಿ, ಸಕ್ಕರೆ ತುಂಬಿದ ಕರ್ಚಿಕಾಯಿ ಎರಡು ವಾರ ದಾಟುತ್ತದೆ, ಅದೇ ಹಸಿಕೊಬ್ಬರಿ ತುಂಬಿದ್ದು ಮೂರನೇ ದಿನಕ್ಕೆ ಮುಗ್ಗು. ಶೇಂಗಾ ಉಂಡಿಗೆ ಮೂರು ವಾರ. ಒಣಗಿಸಿದ ಖಡಕ್ ರೊಟ್ಟಿಗೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ತಿಂಗಳು ಧಾರಾಳ. ಚಟ್ನಿಪುಡಿಗೆ ಹಸಿ ಬಳ್ಳೊಳ್ಳಿ ಹಾಕಿದ್ದಾರೋ ಹುರಿದು ಹಾಕಿದ್ದಾರೋ ಕೇಳಿ. ಹಸಿಯದು ಬೇಗ ಕೆಡುತ್ತದೆ.

ದೀಪಾವಳಿ ಹೊತ್ತಿಗೆ ಹೊಸ ಶೇಂಗಾ ಮಾರುಕಟ್ಟೆಗೆ ಬಂದಿರುತ್ತದೆ. ರುಚಿ ಚೆನ್ನ, ಆದರೆ ಸರಿಯಾಗಿ ಒಣಗದ ಹೊಸ ಕಾಳಿಗೆ ಬೂಷ್ಟು ಹಿಡಿಯುವುದು ಬಲು ಬೇಗ, ಆ ಬೂಷ್ಟಿನ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಕಾಯಿ ಅಲ್ಲಾಡಿಸಿ, ಕಾಳು ಅಂಗೈಯಲ್ಲಿ ಉಜ್ಜಿ ನೋಡಿ: ಒಣಗಿದ್ದರೆ ಕಾಯಿ ಗಲಗಲ ಎನ್ನುತ್ತದೆ, ಕಾಳು ಎರಡು ಹೋಳಾಗಿ ಚಟ್ಟನೆ ಸೀಳುತ್ತದೆ. ಹಸಿ ಇದ್ದರೆ ಕಾಳು ಬಾಗುತ್ತದೆ, ಸೀಳುವುದಿಲ್ಲ. ಮುರುಟಿದ, ಕಪ್ಪಾದ, ಕಹಿ ಕಾಳನ್ನು ಆರಿಸಿ ತೆಗೆಯುವ ಸಂಘವಾದರೆ ಕಣ್ಣುಮುಚ್ಚಿ ಆರ್ಡರ್ ಕೊಡಬಹುದು. ಒಂದು ಉಂಡಿಯಲ್ಲಿ ಒಂದೇ ಕಹಿ ಕಾಳು ಸಿಕ್ಕರೂ ಡಬ್ಬಿ ಪಡೆದವರು ಮುಂದಿನ ವರ್ಷ "ಅಂಗಡಿಯದೇ ಇರಲಿ" ಅನ್ನುತ್ತಾರೆ.

ಡಬ್ಬಿ ಕಟ್ಟುವುದರಲ್ಲಿ ಹೆಚ್ಚಾಗಿ ತಪ್ಪುವುದು ಎಲ್ಲವನ್ನೂ ಒಂದರಲ್ಲಿ ಸೇರಿಸುವುದು. ಪೇಢಾದಲ್ಲಿ ಪಸೆ ಇರುತ್ತದೆ, ಚಕ್ಕಲಿ ಒಣಗಿರುತ್ತದೆ. ಎರಡನ್ನೂ ಒಂದೇ ಮುಚ್ಚಳದಡಿ ಇಟ್ಟರೆ ಪೇಢಾದ ಪಸೆಯನ್ನು ಚಕ್ಕಲಿ ಎಳೆದುಕೊಳ್ಳುತ್ತದೆ: ಎರಡು ದಿನಕ್ಕೆ ಚಕ್ಕಲಿ ಮೆತ್ತಗೆ, ಪೇಢಾ ಗಟ್ಟಿ. ರೊಟ್ಟಿ-ಉಂಡಿಗೂ ಇದೇ ಮಾತು. ಪ್ರತಿ ತಿನಿಸಿಗೆ ಬೇರೆ ಮುಚ್ಚಿದ ಪೊಟ್ಟಣ ಇರಲಿ, ಅವನ್ನೆಲ್ಲ ಒಂದು ಹೊರಡಬ್ಬಿಯಲ್ಲಿ ಇಡಿ. ಬಿಸಿ ಇರುವಾಗ ಕಟ್ಟಿದರೆ ಒಳಗೇ ಬೆವರುತ್ತದೆ. ಕರಿದದ್ದು ಪೂರ್ತಿ ಆರಲು ಮೂರು ಗಂಟೆಯಾದರೂ ಬೇಕು. ಸುದ್ದಿಪತ್ರಿಕೆಯಲ್ಲಿ ಸುತ್ತುವುದು ಬೇಡ, ಅದರ ಮಸಿ ಎಣ್ಣೆಗೆ ಇಳಿಯುತ್ತದೆ. ಉಂಡಿಗೆ ಬಟರ್ ಪೇಪರ್ ಸಾಕು.

ಖಡಕ್ ರೊಟ್ಟಿ ಬೆಂಗಳೂರಿಗೋ ಪುಣೆಗೋ ಹೋಗಬೇಕಿದ್ದರೆ ಹತ್ತತ್ತು ರೊಟ್ಟಿಯ ಅಟ್ಟಿ ಮಾಡಿ, ಮೇಲೊಂದು ಕೆಳಗೊಂದು ರೊಟ್ಟಿಯ ಅಳತೆಗೆ ಕತ್ತರಿಸಿದ ದಪ್ಪ ರಟ್ಟು ಇಟ್ಟು, ಅಲುಗಾಡದಂತೆ ಬಿಗಿಯಾಗಿ ಸುತ್ತಬೇಕು. ರೊಟ್ಟಿ ಮುರಿಯುವುದು ಮೇಲಿನ ಭಾರಕ್ಕಿಂತ ಒಳಗಿನ ಸಡಿಲಿನಿಂದ. ಕಿಲೋ ಹಿಟ್ಟಿಗೆ ತೆಳುವಾದರೆ 20, ದಪ್ಪವಾದರೆ 15 ರೊಟ್ಟಿ ಎಂದು ಅಂದಾಜು ಹಿಡಿಯಿರಿ. ತೆಳು ರೊಟ್ಟಿ ನೋಡಲು ಚಂದ, ಪಾರ್ಸಲ್‌ಗೆ ದಪ್ಪದ್ದೇ ವಾಸಿ. ಸಾರಿಗೆ ಬಸ್ಸಿನ "ನಮ್ಮ ಕಾರ್ಗೋ" ಪಾರ್ಸಲ್ ಸೇವೆಯಲ್ಲಿ ಸಂಜೆ ಹಾಕಿದ್ದು ಬೆಳಗಿಗೆ ಬೆಂಗಳೂರು ಮುಟ್ಟುವುದರಿಂದ ತಿನಿಸಿಗೆ ಅದು ಅನುಕೂಲ, ಆದರೆ ನಿಲ್ದಾಣಕ್ಕೆ ಹೋಗಿ ಬಿಡಿಸಿಕೊಳ್ಳುವವರು ಅಲ್ಲಿರಬೇಕು.

ಡಬ್ಬಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಸಂಖ್ಯೆ, ಮಾಡಿದ ದಿನ, ಎಷ್ಟು ದಿನದೊಳಗೆ ತಿನ್ನಬೇಕು, ಏನೇನು ಹಾಕಿದೆ, ಇಷ್ಟು ಇದೆಯೇ ನೋಡಿ. ಶೇಂಗಾ, ಎಳ್ಳು ಕೆಲವರ ಮೈಗೆ ಆಗುವುದಿಲ್ಲ. ಆದ್ದರಿಂದ ಏನು ಹಾಕಿದೆ ಎಂಬ ಸಾಲು ಇರಲೇಬೇಕು. ಸಂಖ್ಯೆ ಇನ್ನೂ ಮಾಡಿಸದ ಸಂಘ ಸಿಕ್ಕರೆ ಬಿಟ್ಟು ನಡೆಯಬೇಡಿ. ಅರ್ಜಿ ಆನ್‌ಲೈನ್‌ನಲ್ಲೇ ಆಗುತ್ತದೆ. ನಿಮ್ಮ ಆಫೀಸಿನ ಯಾರಾದರೂ ಕುಳಿತು ತುಂಬಿಸಿಕೊಟ್ಟರೆ ಆ ಸಂಘಕ್ಕೆ ಮುಂದಿನ ಎಲ್ಲ ಕಂಪನಿಗಳ ಬಾಗಿಲು ತೆರೆದಂತೆ.

ಬ್ಯಾಡಗಿ ಮೆಣಸಿನಕಾಯಿ ಬಗ್ಗೆ ಒಂದು ಮಾತು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಕಾಯಿಯನ್ನು ಹೊರ ಊರಿನವರಿಗೆ ಕೊಟ್ಟರೆ ಖುಷಿಪಡುತ್ತಾರೆ, ನಿಜ. ಆದರೆ ಹೊಸ ಕಾಯಿ ಬ್ಯಾಡಗಿ ಮಾರುಕಟ್ಟೆಗೆ ತುಂಬಿ ಬರುವುದು ಜನವರಿಯಿಂದ ಈಚೆಗೆ. ದೀಪಾವಳಿಗೆ ಸಿಗುವುದು ಶೀತಲಗೃಹದ ಹಿಂದಿನ ಬೆಳೆ. ಆದ್ದರಿಂದ ಅದನ್ನು ಯುಗಾದಿ ಡಬ್ಬಿಗೆ ಇಟ್ಟುಕೊಳ್ಳಿ. ಪುಡಿ ಬದಲು ಇಡೀ ಕಾಯಿ ಕೊಡಿ: ಸುಕ್ಕುಸುಕ್ಕಾದ ಸಿಪ್ಪೆ, ಕಡುಗೆಂಪು ಬಣ್ಣ ಕಣ್ಣಿಗೇ ಕಾಣುತ್ತದೆ, ಪುಡಿಯಲ್ಲಿ ಬಣ್ಣ ಬೆರೆಸಿದರೆ ತಿಳಿಯುವುದಿಲ್ಲ. ಪುಡಿಯನ್ನು ಗಾಜಿನ ಬಾಟಲಿಯಲ್ಲಿ ಬೆಳಕಿಗೆ ಇಟ್ಟರೆ ಬಣ್ಣವೂ ಮಾಸುತ್ತದೆ.

ಬಟ್ಟೆ: ಖಾದಿ ಮತ್ತು ಕಸೂತಿ

ತಿನಿಸು ತಿಂದು ಮುಗಿಯುತ್ತದೆ, ಉಳಿಯುವಂಥದ್ದು ಕೊಡಬೇಕು ಎನ್ನುವವರಿಗೆ ಇವೆರಡು. ಎರಡಕ್ಕೂ ಬೇಕಾಗುವ ಕಾಲ ಬೇರೆ ಬೇರೆ.

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ, 1957ರಲ್ಲಿ ಆರಂಭವಾದದ್ದು. ರಾಷ್ಟ್ರಧ್ವಜ ತಯಾರಿಕೆಗೆ ಹೆಸರಾದದ್ದು. ಧಾರವಾಡ ಹತ್ತಿರದ ಗರಗದಲ್ಲೂ ಧ್ವಜದ ಖಾದಿ ನೇಯುತ್ತಾರೆ. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿ ಬಂದು ಯಂತ್ರದ ಬಟ್ಟೆ, ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ಸಿಕ್ಕಿತು. ಕೈಮಗ್ಗದ ಧ್ವಜವನ್ನೇ ನಂಬಿ ನೂಲುವ, ನೇಯುವ, ಹೊಲಿಯುವ ಹೆಣ್ಣುಮಕ್ಕಳಿಗೆ ಇದು ದೊಡ್ಡ ಪೆಟ್ಟು. ಅವರ ಕೈಗೆ ವರ್ಷವಿಡೀ ಕೆಲಸ ಇರಬೇಕೆಂದರೆ ಟವೆಲ್ಲು, ಅಂಗಿ ಬಟ್ಟೆ, ಧೋತ್ರ, ಚೀಲ ಇಂಥವೂ ಮಾರಾಟವಾಗಬೇಕು. ಗಾಂಧಿ ಜಯಂತಿಯಿಂದ ಖಾದಿ ಅಂಗಡಿಗಳಲ್ಲಿ ರಿಯಾಯಿತಿ ಇರುವುದರಿಂದ ದೀಪಾವಳಿ ಖರೀದಿಗೆ ಅದೇ ಸರಿಯಾದ ಹೊತ್ತು. ಸಿದ್ಧ ಮಾಲು ಸಿಗುವುದರಿಂದ ಹದಿನೈದು ದಿನ ಮೊದಲು ಹೋದರೂ ನಡೆಯುತ್ತದೆ.

ನೋಡಬೇಕಾದದ್ದು: ಬಟ್ಟೆಗೆ "ಖಾದಿ ಮಾರ್ಕ್" ಲೇಬಲ್ಲು ಇರಬೇಕು, ಬಟ್ಟೆಯನ್ನು ಬೆಳಕಿಗೆ ಹಿಡಿದರೆ ನೂಲು ಅಲ್ಲಲ್ಲಿ ದಪ್ಪ-ತೆಳು ಕಾಣಬೇಕು. ಗೆರೆ ಎಳೆದಂತೆ ಒಂದೇ ಸಮ ಇದ್ದರೆ ಗಿರಣಿ ನೂಲು ಎಂದು ಸಂಶಯಪಡಿ. ಹತ್ತಿ ಖಾದಿ ಮೊದಲ ನೀರಿಗೆ ಕುಗ್ಗುತ್ತದೆ. ಅಂಗಿ ಬಟ್ಟೆ ಕೊಡುವುದಾದರೆ ಕಾಲು ಮೀಟರ್ ಹೆಚ್ಚು ಕೊಟ್ಟು, "ಹೊಲಿಸುವ ಮೊದಲು ಒಂದು ರಾತ್ರಿ ನೀರಲ್ಲಿ ನೆನೆಸಿ, ಹಿಂಡದೆ ಒಣಗಿಸಿ" ಎಂಬ ಚೀಟಿ ಇಡಿ. ಈ ಚೀಟಿ ಇಲ್ಲದೆ ಕೊಟ್ಟ ಅಂಗಿ ಬಟ್ಟೆ ಹೊಲಿಸಿದ ಮೇಲೆ ಗಿಡ್ಡವಾಗಿ ಕಪಾಟು ಸೇರುತ್ತದೆ.

ಕಸೂತಿಯ ವಿಚಾರದಲ್ಲಿ ಆತುರ ನಡೆಯುವುದೇ ಇಲ್ಲ. ಎಳೆ ಎಣಿಸಿ ಹಾಕುವ ಕೆಲಸ ಇದು. ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಹೊಲಿಗೆ. ಗೋಪುರ, ತುಳಸಿ ಕಟ್ಟೆ, ಆನೆ ಅಂಬಾರಿ ತುಂಬಿದ ಸೀರೆಗೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹತ್ತುತ್ತದೆ. ಹಬ್ಬಕ್ಕೆ ಇಪ್ಪತ್ತು ಮಂದಿಗೆ ಕೊಡಬೇಕಿದ್ದರೆ ಸೀರೆ ಬಿಟ್ಟು ಕುಬುಸದ ಕಣ, ಕರವಸ್ತ್ರ, ಕೈಚೀಲ, ಒಂದೇ ಒಂದು ನವಿಲಿನ ಚೌಕಟ್ಟು ಆರಿಸಿ, ಎರಡು ತಿಂಗಳು ಮೊದಲು ಹೇಳಿ. ಕೈಕಸೂತಿಯೋ ಯಂತ್ರದ್ದೋ ತಿಳಿಯಲು ಬಟ್ಟೆ ತಿರುವಿ ನೋಡಬೇಕು. ಗವಂತಿ, ಮುರಗಿ ಹೊಲಿಗೆ ಹಿಂದೆ-ಮುಂದೆ ಒಂದೇ ರೀತಿ ಕಾಣುತ್ತದೆ, ಗಂಟು ಇರುವುದಿಲ್ಲ. ದಾರ ಮುಗಿದಲ್ಲಿ ಹೊಲಿಗೆಯೊಳಗೇ ಸೇರಿಸಿರುತ್ತಾರೆ. ನೇಯ್ಗಿ, ಮೆಂತಿಯಲ್ಲಿ ಹಿಂಬದಿ ಬೇರೆ ಕಾಣುತ್ತದೆ, ಅದನ್ನು ದೋಷ ಎಂದುಕೊಳ್ಳಬೇಡಿ. ಯಂತ್ರದ್ದಾದರೆ ಹಿಂದೆ ಬೇರೆ ಬಣ್ಣದ ಅಡಿದಾರ, ಅಂಟಿಸಿದ ಕಾಗದದಂಥ ಪದರ ಕೈಗೆ ಸಿಗುತ್ತದೆ. ದರ ಕೇಳುವಾಗ ದಾರ-ಬಟ್ಟೆಯ ಬೆಲೆಗಿಂತ ಎಷ್ಟು ದಿನದ ಕೆಲಸ ಎಂದು ಕೇಳಿ. ದರವನ್ನು ದಿನದಿಂದ ಭಾಗಿಸಿದಾಗ ದಿನಗೂಲಿಗಿಂತ ಕೆಳಗೆ ಬಂದರೆ, ನಡುವೆ ಯಾರೋ ತಿನ್ನುತ್ತಿದ್ದಾರೆ ಎಂದರ್ಥ. ಅಂಥಲ್ಲಿ ಕಸೂತಿ ಹಾಕುವವರ ಗುಂಪನ್ನೇ ಹುಡುಕಿ ನೇರ ಕೊಳ್ಳಿ.

ಗದಗಿನವರಿಗೆ ಬೆಟಗೇರಿಯ ಕೈಮಗ್ಗದ ಸೀರೆ ಹತ್ತಿರದ ಆಯ್ಕೆ. ಹಾವೇರಿಯವರಿಗೆ ಏಲಕ್ಕಿ ಹಾರ. ಸನ್ಮಾನಕ್ಕೆ ಹೂವಿನ ಹಾರದ ಬದಲು ಅದು ಚೆನ್ನ, ಮನೆಮನೆಗೆ ಹಂಚುವ ಉಡುಗೊರೆಗೆ ಅಲ್ಲ.

ಆಶ್ರಮಕ್ಕೆ ಊಟವೋ, ದವಸವೋ?

ಮನಸ್ಸು ಎಲ್ಲರದ್ದೂ ಒಳ್ಳೆಯದೇ. ಆದರೆ ಇಲ್ಲಿ ಆಗುವಷ್ಟು ಪೋಲು ಬೇರೆಲ್ಲೂ ಆಗುವುದಿಲ್ಲ. ಪಾಡ್ಯದ ದಿನ ಒಂದೇ ಮಕ್ಕಳ ಮನೆಗೆ ಮೂರು ಗುಂಪು ಜಾಮೂನು ತರುತ್ತದೆ, ನಾಲ್ಕನೆಯದು ಕೇಕ್ ತರುತ್ತದೆ. ಬಂದವರೆಲ್ಲ ತಮ್ಮ ಕೈಯಿಂದಲೇ ಬಡಿಸಬೇಕೆನ್ನುತ್ತಾರೆ. ಮರುದಿನ ಮಕ್ಕಳಿಗೆ ಹೊಟ್ಟೆನೋವು, ಅಡಿಗೆಮನೆಯಲ್ಲಿ ಹಳಸಿದ ಅನ್ನ. ಹದಿನೈದು ದಿನ ಬಿಟ್ಟು ನೋಡಿದರೆ ಬೇಳೆ ಡಬ್ಬ ಖಾಲಿ.

ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನೇ ನೋಡಿ. ಪಂಚಾಕ್ಷರ ಗವಾಯಿಗಳು ಕಟ್ಟಿ, ಪುಟ್ಟರಾಜ ಗವಾಯಿಗಳು (1914-2010) ಬೆಳೆಸಿದ ಈ ಆಶ್ರಮದಲ್ಲಿ ಕಣ್ಣು ಕಾಣದ ಮಕ್ಕಳೂ ಬಡ ಮಕ್ಕಳೂ ಇದ್ದು ಸಂಗೀತ ಕಲಿಯುತ್ತಾರೆ. ಭಕ್ತರು ಗವಾಯಿಗಳಿಗೆ ಸಲ್ಲಿಸುತ್ತಿದ್ದ ತುಲಾಭಾರದ ಕಾಣಿಕೆ ಮಕ್ಕಳ ಅನ್ನಕ್ಕೆ, ಕಲಿಕೆಗೆ ಹೋಗುತ್ತಿತ್ತು. ಇಂಥ ಕಡೆ ಒಲೆ ಹೊತ್ತುವುದು ವರ್ಷದ ಎಲ್ಲ ದಿನ. ಹುಬ್ಬಳ್ಳಿಯ ಸಿದ್ಧಾರೂಢ ಮಠದಂಥ ದಾಸೋಹಗಳೂ ಹಾಗೆಯೇ. ದೀಪಾವಳಿಯ ಒಂದು ಹೊತ್ತಿನ ಹೋಳಗಿಗಿಂತ ಕಾರ್ತಿಕ ಮುಗಿದ ಮೇಲಿನ ಒಂದು ವಾರದ ಬೇಳೆ ಅಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ.

ಮೊದಲು ಫೋನ್ ಮಾಡಿ ಮೂರು ಮಾತು ಕೇಳಿ: ಎಷ್ಟು ಮಂದಿ ಇದ್ದಾರೆ, ಯಾವ ದಿನಗಳು ಖಾಲಿ ಇವೆ, ಸಾಮಾನಿನಲ್ಲಿ ಏನು ಕಡಿಮೆ ಬೀಳುತ್ತದೆ. ಹಲವು ಕಡೆ ಅಕ್ಕಿಯನ್ನು ಎಲ್ಲರೂ ತಂದು ಕೊಟ್ಟಿರುತ್ತಾರೆ; ಕೊರತೆ ಇರುವುದು ತೊಗರಿಬೇಳೆ, ಎಣ್ಣೆ, ತರಕಾರಿ, ಗ್ಯಾಸು, ಸಾಬೂನಿಗೆ. ನೂರು ಮಕ್ಕಳ ಒಂದು ಹೊತ್ತಿನ ಸಾದಾ ಊಟಕ್ಕೆ ಅಕ್ಕಿ 12 ಕಿಲೋ, ತೊಗರಿಬೇಳೆ 3ರಿಂದ 4 ಕಿಲೋ, ತರಕಾರಿ 8ರಿಂದ 10 ಕಿಲೋ, ಎಣ್ಣೆ ಒಂದರಿಂದ ಒಂದೂವರೆ ಕಿಲೋ ಎಂದು ಹಿಡಿದರೆ ಸರಿಹೋಗುತ್ತದೆ. ಜೋಳ ಕೊಡುವುದಾದರೆ ಕಾಳೇ ಕೊಡಿ. ಹಿಟ್ಟು ತಿಂಗಳೊಳಗೆ ಕಹಿಯಾಗುತ್ತದೆ, ಕಾಳಾದರೆ ಅವರು ಬೇಕಾದಾಗ ಬೀಸಿಸಿಕೊಳ್ಳುತ್ತಾರೆ. ಹಿಂಗಾರಿ ಜೋಳ ಒಕ್ಕಣೆಯಾಗಿ ಮಾರುಕಟ್ಟೆಗೆ ಬರುವುದು ಫೆಬ್ರವರಿ-ಮಾರ್ಚಿನಲ್ಲಿ, ಆಗ ಅದೇ ದುಡ್ಡಿಗೆ ಹೆಚ್ಚು ಚೀಲ ಬರುತ್ತವೆ. ದೀಪಾವಳಿಗೆ ದುಡ್ಡು ತೆಗೆದಿಟ್ಟು ಸುಗ್ಗಿಗೆ ಕೊಂಡು ಕೊಟ್ಟರೂ ಹಬ್ಬದ ದಾನವೇ.

ಹಬ್ಬದ ದಿನವೇ ಸಿಹಿಯೂಟ ಹಾಕಬೇಕೆಂಬ ಆಸೆ ಇದ್ದರೆ ಸಾಮಾನು ಕೊಟ್ಟು ಅವರ ಅಡಿಗೆಮನೆಯಲ್ಲೇ ಮಾಡಿಸಿ. ಕಿಲೋ ಕಡಲೆಬೇಳೆಗೆ ಕಿಲೋ ಬೆಲ್ಲ ಹಾಕಿದರೆ ಸುಮಾರು 40 ಹೋಳಗಿ ಆಗುತ್ತವೆ. ನೂರು ಮಂದಿಗೆ ಎರಡೆರಡು ಅಂದರೆ 5 ಕಿಲೋ ಬೇಳೆ. ಹೊರಗಿನಿಂದ ತರುವುದಾದರೆ ಒಲೆಯಿಂದ ಇಳಿಸಿದ ನಾಲ್ಕು ಗಂಟೆಯೊಳಗೆ ಎಲೆಗೆ ಬೀಳಬೇಕು. ಬೆಳಗಿನ ಆರಕ್ಕೆ ಮಾಡಿ, ಬಿಸಿಬಿಸಿ ಬುಟ್ಟಿಗೆ ಒಟ್ಟಿ, ಮುಚ್ಚಿ, ಪೂಜೆ-ಭಾಷಣ ಮುಗಿದು ಮಧ್ಯಾಹ್ನ ಎರಡಕ್ಕೆ ಬಡಿಸುವುದು ಅಪಾಯ. ಒಳಗಿನ ಶಾಖಕ್ಕೆ ಹೂರಣ ಬೆವರಿ ಹುಳಿ ಬರುತ್ತದೆ, ವಾಸನೆ ಬರುವ ಮೊದಲೇ ಕೆಟ್ಟಿರುತ್ತದೆ. ಮದುವೆ, ಗೃಹಪ್ರವೇಶದಲ್ಲಿ ಉಳಿದ ಅಡಿಗೆ ಕೊಡುವುದಾದರೆ ಪಂಕ್ತಿಗೆ ಬಾರದೆ ಪಾತ್ರೆಯಲ್ಲೇ ಉಳಿದದ್ದು ಮಾತ್ರ, ಅದೂ ಬಿಸಿ ಆರುವ ಮೊದಲು. ಮೊಸರನ್ನ, ಕೊಬ್ಬರಿ ಚಟ್ನಿ, ಹಾಲಿನ ಸಿಹಿ ಬೇಡ.

ವೃದ್ಧಾಶ್ರಮಕ್ಕೆ ಚಕ್ಕಲಿ, ಶೇಂಗಾ ಚಿಕ್ಕಿ ಒಯ್ಯಬೇಡಿ. ಹಲ್ಲಿಗೆ ಆಗುವುದಿಲ್ಲ, ಹಲವರಿಗೆ ಸಕ್ಕರೆ ಕಾಯಿಲೆಯ ಪಥ್ಯ ಇರುತ್ತದೆ. ಮೆತ್ತನ್ನ ರೊಟ್ಟಿ, ಎಣ್ಣೆಗಾಯಿ, ಬಾಳೆಹಣ್ಣು, ಮಜ್ಜಿಗೆ ಕೊಟ್ಟು, ಸಿಹಿಯನ್ನು ಬೇಕೆಂದವರಿಗಷ್ಟೇ ಬಡಿಸಿದರೆ ಎಲ್ಲರೂ ನೆಮ್ಮದಿಯಿಂದ ಉಣ್ಣುತ್ತಾರೆ. ಪುಟ್ಟ ಮಕ್ಕಳಿಗೆ ಇಡೀ ಶೇಂಗಾ ಇರುವ ತಿನಿಸು ಗಂಟಲಿಗೆ ಸಿಕ್ಕಿಕೊಳ್ಳುವ ಭಯ, ಕುಟ್ಟಿ ಮಾಡಿದ ಉಂಡಿ ಸಾಕು. ಬಟ್ಟೆ ಕೊಡುವವರು ಮಕ್ಕಳ ಅಳತೆಯ ಪಟ್ಟಿ ಪಡೆದು, ಎಲ್ಲ ಮಕ್ಕಳಿಗೂ ಹೊಸದನ್ನೇ ಕೊಡಬೇಕು. ಹತ್ತು ಮಕ್ಕಳಿಗೆ ಬಂದು ಇಬ್ಬರಿಗೆ ಬಾರದಿದ್ದರೆ ಆ ಇಬ್ಬರಿಗೆ ಹಬ್ಬವೇ ಇಲ್ಲ.

ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಆರೈಕೆ ಸಂಸ್ಥೆಯಲ್ಲಿರುವ ಮಕ್ಕಳ ಗುರುತು ಹೊರಗೆಡಹುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ನಿಷೇಧಿಸುತ್ತದೆ. ಲಡ್ಡು ಕೊಡುತ್ತಿರುವ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ, ಕಂಪನಿ ಪುಟಕ್ಕೆ ಹಾಕುವುದು ಕಾನೂನಿಗೂ ವಿರುದ್ಧ, ಆ ಮಗುವಿನ ಮಾನಕ್ಕೂ ವಿರುದ್ಧ. ಫೋಟೋ ಬೇಕೇ ಬೇಕೆಂದರೆ ದವಸದ ಚೀಲದ್ದು ತೆಗೆಯಿರಿ.

ಹೆಸರಲ್ಲಿ ದೇಣಿಗೆ

ಗ್ರಾಹಕರಿಗೆ, ದೂರದ ಸಂಬಂಧಿಕರಿಗೆ ಡಬ್ಬಿ ಕಳಿಸುವ ಬದಲು "ನಿಮ್ಮ ಹೆಸರಿನಲ್ಲಿ ಇಂಥ ಸಂಸ್ಥೆಗೆ ಇಷ್ಟು ಕೊಟ್ಟಿದ್ದೇವೆ" ಎಂಬ ಪತ್ರ ಕಳಿಸುವುದು. ಸಾಗಣೆ ಖರ್ಚಿಲ್ಲ, ಕೆಡುವುದಿಲ್ಲ, ಹಬ್ಬದ ಹಿಂದಿನ ದಿನವೂ ಆಗುತ್ತದೆ. ಕೊರತೆ ಒಂದೇ: ನಮ್ಮ ಕಡೆ ಬರಿಗೈಯಲ್ಲಿ ಹಬ್ಬಕ್ಕೆ ಹೋಗುವ ರೂಢಿ ಇಲ್ಲ, ಬರಿ ಪತ್ರ ಕಂಡರೆ ಕೆಲವರಿಗೆ ಮನಸ್ಸು ಕಸಿವಿಸಿಯಾಗುತ್ತದೆ. ಪತ್ರದ ಜೊತೆ ಸಂಘದ ನಾಲ್ಕು ಉಂಡಿಯ ಪುಟ್ಟ ಪೊಟ್ಟಣ ಇಟ್ಟರೆ ಆ ಮುಜುಗರ ಕಳೆಯುತ್ತದೆ. ಸಿಬ್ಬಂದಿಗೆ ಮಾತ್ರ ಈ ದಾರಿ ಬೇಡವೇ ಬೇಡ. ಅವರ ಹಬ್ಬದ ಡಬ್ಬಿಯನ್ನು ಕಸಿದು ಅವರ ಹೆಸರಲ್ಲಿ ದಾನ ಮಾಡುವುದು ಮಾಲೀಕರಿಗೆ ಶೋಭೆಯಲ್ಲ.

ತೆರಿಗೆಯ ಲೆಕ್ಕ ಹಿಡಿಯುವವರು ಇಷ್ಟು ಗಮನಿಸಿ. ದೇಣಿಗೆಗೆ ಸಿಗುವ, 80ಜಿ ಎಂದೇ ರೂಢಿಯಲ್ಲಿರುವ ಆದಾಯ ತೆರಿಗೆ ವಿನಾಯಿತಿ ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. ನಗದಾಗಿ ಕೊಟ್ಟದ್ದು 2000 ರೂಪಾಯಿ ದಾಟಿದರೆ ಲೆಕ್ಕಕ್ಕೆ ಬರುವುದಿಲ್ಲ. ಅಕ್ಕಿ, ಬಟ್ಟೆ, ಸಿಹಿಯಾಗಿ ಕೊಟ್ಟದ್ದಕ್ಕೂ ವಿನಾಯಿತಿ ಇಲ್ಲ. ಬರಿ ರಸೀದಿ ಸಾಲದು. ನಿಮ್ಮ ಪ್ಯಾನ್ ಸಹಿತ ಸಂಸ್ಥೆ ಇಲಾಖೆಗೆ ವಿವರ ಸಲ್ಲಿಸಿ ದೇಣಿಗೆಯ ಪ್ರಮಾಣಪತ್ರ ಕೊಡಬೇಕು, ಕೊಡುವ ಮೊದಲೇ ಅದನ್ನು ಕೇಳಿ. ಕಂಪನಿಯವರು ಸಿಬ್ಬಂದಿಗೆ ಹಂಚಿದ ಡಬ್ಬಿಯನ್ನು ಸಿಎಸ್‌ಆರ್ (ಕಂಪನಿಯ ಸಾಮಾಜಿಕ ಹೊಣೆಗಾರಿಕೆ) ಖರ್ಚಿಗೆ ಸೇರಿಸುವಂತಿಲ್ಲ, ಡಬ್ಬಿ ಸಂಘದಿಂದ ಕೊಂಡದ್ದೇ ಆಗಿರಲಿ.

ಹಬ್ಬದ ಹೊತ್ತಿಗೆ ಹೆಸರಾದ ಆಶ್ರಮಗಳ ಚಿತ್ರ ಹಾಕಿದ ಕ್ಯೂಆರ್ ಕೋಡ್‌ಗಳು ಗುಂಪುಗಳಲ್ಲಿ ಹರಿದಾಡುತ್ತವೆ. ಫಾರ್ವರ್ಡ್ ಆಗಿ ಬಂದ ಕೋಡ್‌ಗೆ ದುಡ್ಡು ಹಾಕಬೇಡಿ. ಸಂಸ್ಥೆಯ ಕಚೇರಿಗೆ ಫೋನ್ ಮಾಡಿ ಖಾತೆ ವಿವರ ಪಡೆಯಿರಿ. ಸ್ಕ್ಯಾನ್ ಮಾಡಿದಾಗ ಮೊಬೈಲಿನಲ್ಲಿ ವ್ಯಕ್ತಿಯ ಹೆಸರು ಬಂದರೆ ಅಲ್ಲಿಗೇ ನಿಲ್ಲಿಸಿ, ಸಂಸ್ಥೆಯ ಅಥವಾ ಟ್ರಸ್ಟಿನ ಹೆಸರೇ ಬರಬೇಕು.

"ಒಂದು ಭಾಗ ಸೇವೆಗೆ" ಡಬ್ಬಿ

ಇಲ್ಲಿ ಕೇಳಬೇಕಾದದ್ದು ಎಷ್ಟು ಭಾಗ, ಯಾವುದರ ಭಾಗ, ಯಾರಿಗೆ. 500 ರೂಪಾಯಿ ಡಬ್ಬಿಯಲ್ಲಿ ಮಾರಾಟ ಬೆಲೆಯ ಶೇಕಡಾ 10 ಅಂದರೆ 50 ರೂಪಾಯಿ. ಅದೇ "ಲಾಭದ ಶೇಕಡಾ 10" ಎಂದಿದ್ದು, ಲಾಭ 75 ರೂಪಾಯಿ ಆಗಿದ್ದರೆ ಸೇವೆಗೆ ಹೋಗುವುದು ಏಳೂವರೆ ರೂಪಾಯಿ. ಸಂಸ್ಥೆಯ ಹೆಸರು ಬರೆಯದೆ "ಬಡ ಮಕ್ಕಳಿಗೆ" ಎಂದಷ್ಟೇ ಇದ್ದರೆ ಆ ಮಾತನ್ನು ಮರೆತು ತಿನಿಸಿನ ಗುಣ ನೋಡಿ ಕೊಳ್ಳಿ. ಡಬ್ಬಿಯನ್ನೇ ಕೊಳ್ಳಬೇಕಾದ ಅನಿವಾರ್ಯ ಇದ್ದಾಗ, 450 ರೂಪಾಯಿಯ ಸಾದಾ ಡಬ್ಬಿ ಕೊಂಡು 50 ರೂಪಾಯಿಯನ್ನು ನೀವೇ ಸಂಸ್ಥೆಗೆ ಕೊಟ್ಟರೆ ಲೆಕ್ಕ ಚೊಕ್ಕ.

ಬೆರೆಸಿ ಮಾಡುವುದಾದರೆ

ಐವತ್ತು ಮಂದಿಯ ಕಾರ್ಖಾನೆ, 30,000 ರೂಪಾಯಿ ಹಬ್ಬದ ಖರ್ಚು ಎಂದು ಹಿಡಿಯೋಣ. 20,000ಕ್ಕೆ ಸಂಘದಿಂದ ಐವತ್ತು ಡಬ್ಬಿ, ತಲಾ 400. ಅರ್ಧ ಕಿಲೋ ಉಂಡಿ, ಒಂದು ಪೊಟ್ಟಣ ಚಟ್ನಿ, ಹತ್ತು ರೊಟ್ಟಿ ಇರುವ ಡಬ್ಬಿಯನ್ನು ಈ ದರದ ಸುತ್ತ ಮಾತಾಡಬಹುದು. 3,000ಕ್ಕೆ ಗ್ರಾಹಕರಿಗೆ ಪತ್ರ ಮತ್ತು ಪುಟ್ಟ ಪೊಟ್ಟಣ. ಉಳಿದ 7,000ವನ್ನು ದೀಪಾವಳಿಗೆ ಮುಟ್ಟದೆ, ಡಿಸೆಂಬರಿನಲ್ಲಿ ಆಶ್ರಮಕ್ಕೆ ಬೇಳೆ-ಎಣ್ಣೆಗೆ ಕೊಡಿ.

ದಿನಗಳನ್ನು ಹಿಂದಿನಿಂದ ಎಣಿಸಿ. ಕಸೂತಿಗೆ ಎರಡು ತಿಂಗಳು ಮೊದಲು. ಸಂಘಕ್ಕೆ ಆರ್ಡರ್, ಮುಂಗಡ, ಒಂದು ಕಿಲೋ ಮಾದರಿ ಮಾಲು ಮೂವತ್ತು ದಿನ ಮೊದಲು. ಮಾದರಿ ರುಚಿ ನೋಡಿ ಸಿಹಿ-ಖಾರ ಹೇಳಲು ಒಂದು ವಾರ ಬೇಕು. ಉಂಡಿ ಕಟ್ಟುವುದು ಹಬ್ಬಕ್ಕೆ ಒಂದು ವಾರ ಇರುವಾಗ, ಅದಕ್ಕೂ ಮೊದಲು ಕಟ್ಟಿದರೆ ಕೊಟ್ಟವರ ಮನೆಯಲ್ಲಿ ಉಳಿಯುವ ದಿನ ಕಡಿಮೆಯಾಗುತ್ತದೆ. ನೀರು ತುಂಬುವ ಹಬ್ಬಕ್ಕೆ ಮೂರು ದಿನ ಮೊದಲು ಡಬ್ಬಿ ಎತ್ತಿ, ಅಂದೇ ಬಾಕಿ ಚುಕ್ತಾ ಮಾಡಿ, ಅಲ್ಲೇ ನಿಂತು ಸಂಕ್ರಾಂತಿಯ ಎಳ್ಳು-ಬೆಲ್ಲ, ಸಜ್ಜೆ ರೊಟ್ಟಿ, ಮಾದಲಿಗೆ ಮುಂದಿನ ಆರ್ಡರ್ ಬರೆಸಿ. ಹಬ್ಬದ ತಿಂಗಳಲ್ಲಿ ಸಂಘಕ್ಕೆ ಕೈತುಂಬ ಕೆಲಸ ಇದ್ದೇ ಇರುತ್ತದೆ; ಒಲೆ ತಣ್ಣಗಾಗುವುದು ಡಿಸೆಂಬರಿನಲ್ಲಿ.